ತುಟ್ಟಿ ಅನ್ನಲು ಮೂರು ಇಂಗ್ಲಿಷ್ ಮಾತು

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಯಾರಿಗೆ ಏನು ಸಿಕ್ಕಿತೋ ಗೊತ್ತಿಲ್ಲ, ಬೀದರಿನ ನಮ್ಮ ಸಾಲೆಗೆ ಒಬ್ಬ ಇಂಗ್ಲಿಷ್ ಮಾಸ್ತರರು ಸಿಕ್ಕರು. ಮೈಸೂರು ಕಡೆಯವರು. ನಮ್ಮಂಥ ಹುಡುಗರಿಗೂ 'ಬನ್ನಿ, ಕೂತ್ಕೊಳ್ಳಿ' ಎನ್ನುತ್ತಿದ್ದರು. ನಮ್ಮ ಹಿಂದೆ ಯಾವ ಹಿರಿಯರು ಬಂದು ನಿಂತಿದ್ದಾರೋ ಎಂದು ತಿರುಗಿ ತಿರುಗಿ ನೋಡಿ ಅರ್ಧ ಕ್ಲಾಸಿನ ಕುತ್ತಿಗೆ ಉಳುಕಿತು.

ಒಂದು ದಿನ ಅವರು ಬೆಲೆ ಜಾಸ್ತಿಯಾದ ವಸ್ತುವಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂದು ಪಾಠ ಮಾಡಿದರು. ನಮ್ಮ ಮನೆಯಲ್ಲಿ ಬೆಂಕಿಪೆಟ್ಟಿಗೆಯಿಂದ ಬಂಗಾರದವರೆಗೆ ಎಲ್ಲದಕ್ಕೂ ಒಂದೇ ಮಾತು, ತುಟ್ಟಿ. ಇಂಗ್ಲಿಷರು ಅಷ್ಟಕ್ಕೆ ಬಿಡುವ ಜನವಲ್ಲ. ಕಾಸ್ಟ್ಲಿ ಅಂದರೆ ಕೊಂಡ ಮೇಲೆ ಗೊಣಗುವಂಥದ್ದು. ಎಕ್ಸ್‌ಪೆನ್ಸಿವ್ ಅಂದರೆ ಮನೆಗೆ ಹೋಗಿ ಕೇಳಿಕೊಂಡು ಬರುತ್ತೇನೆ ಎನ್ನುವಂಥದ್ದು. ಎಕ್ಸಾರ್ಬಿಟೆಂಟ್ ಅಂದರೆ ಕೈ ಹಿಂದೆ ಕಟ್ಟಿಕೊಂಡು ನೋಡಿ ಮುಂದೆ ಹೋಗುವಂಥದ್ದು. ಮಾಸ್ತರರು ಹೀಗೆ ಹೇಳಲಿಲ್ಲ, ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ನಾನು ಓದುವುದು ಬೀದರಿಗೆ ಹತ್ತಿದ ಚಿದ್ರಿಯಲ್ಲಿ, ಅತ್ತೆಯ ಮನೆಯಲ್ಲಿದ್ದು. ಎಂಟು ದಿನ ಆ ಮನೆಯಲ್ಲಿ ಬದನೆಕಾಯಿ ಕಾಸ್ಟ್ಲಿ, ತುಪ್ಪ ಎಕ್ಸ್‌ಪೆನ್ಸಿವ್, ಪಕ್ಕದ ಮನೆಯವರ ಹೊಸ ಸೈಕಲ್ಲು ಎಕ್ಸಾರ್ಬಿಟೆಂಟ್. ಒಂಬತ್ತನೆಯ ದಿನ ಅತ್ತೆ ನನ್ನ ತಾಟಿನಿಂದ ಬದನೆಕಾಯಿ ವಾಪಸ್ ತೆಗೆದುಕೊಂಡಳು. 'ಇಂಗ್ಲಿಷ್ ತಿಂದು ನೀರು ಕುಡಿ' ಎಂದಳು.

ರಜೆಗೆ ರೈಲು ಹತ್ತಿ ಹಲಬರ್ಗಾಕ್ಕೆ ನಮ್ಮ ಮನೆಗೆ ಹೋದೆ. ಅಲ್ಲಿ ನನ್ನ ಭವಿಷ್ಯ ತೀರ್ಮಾನವಾಗಿ ಹೋಗಿತ್ತು. ಕುರಿ ಕಾಯುತ್ತಿದ್ದ ಅಣ್ಣನಿಗೆ ರೈಲ್ವೆ ಹಳಿ ಕೆಲಸ ಸಿಕ್ಕಿತ್ತು. ಇನ್ನು ಕುರಿ ಕಾಯುವವನು ನೀನೇ ಎಂದ ಅಪ್ಪ. ಓದು ಬಿಡುವುದಿಲ್ಲ ಎಂದು ನಾನು ಒಂದು ಹೊತ್ತು ಊಟ ಬಿಟ್ಟೆ. ಅವ್ವ ಆ ರೊಟ್ಟಿಯನ್ನು ನಾಯಿಗೆ ಹಾಕಿದ್ದರಿಂದ ಎರಡನೆಯ ಹೊತ್ತು ಬಿಡಲಿಲ್ಲ. ಕುರಿಗಳಿಗಾದರೂ ನಾನು ಬೇಕಿತ್ತೇ ಎಂದರೆ ಅದೂ ಇಲ್ಲ. ನಾನು ಕೂಗಿದರೆ ಅವು ಇದ್ದಲ್ಲೇ ಮಲಗುತ್ತಿದ್ದವು.

ಕೊನೆಗೆ ಅಪ್ಪ ಒಂದು ಕರಾರಿಗೆ ಬಂದ.

'ನಾಳಿ ಭಾಲ್ಕಿ ಸಂತಿಗಿ ಬಾ. ನಿನ್ನ ಇಂಗ್ಲಿಷಿಂದು ಏನರ ಉಪಯೋಗ ಅದ ಅಂದ್ರ ಅಲ್ಲಿ ತೋರಸು. ತೋರಿಸಿದಿ ಅಂದ್ರ ಸಾಲಿ, ಇಲ್ಲಾಂದ್ರ ಕುರಿ.'

ಅಂದು ಅಪ್ಪನಿಗೆ ಎರಡು ಕೆಲಸ, ಒಂದು ಟಗರು ಕೊಳ್ಳುವುದು, ನಮ್ಮ ನಾಲ್ಕು ಮರಿ ಮಾರುವುದು. ಮರಿಗಳನ್ನು ಬೇವಿನ ಮರಕ್ಕೆ ಕಟ್ಟಿ ಟಗರು ನೋಡಲು ಹೋದೆವು. ಔರಾದ ತಾಲೂಕಿನ ಎಕಂಬಾದಿಂದ ಒಬ್ಬ ಮುದುಕ ತಂದಿದ್ದ ಟಗರಿನ ಕೊಂಬು ಎರಡು ಸುತ್ತು ತಿರುಗಿ, ಮೂರನೆಯ ಸುತ್ತಿಗೆ ಜಾಗ ಸಾಲದೆ ನಿಂತಿತ್ತು. ನಮ್ಮ ತಹಸೀಲ್ದಾರರ ಮುಖದಲ್ಲೂ ಅಷ್ಟು ಗತ್ತು ನಾನು ಕಂಡಿಲ್ಲ.

ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಒತ್ತಿ ಮಾತಾಡುತ್ತಾರೆ. ಊರೆಲ್ಲ ಸುತ್ತ ನಿಂತಿದ್ದರೂ ಲೆಕ್ಕ ಆ ಇಬ್ಬರಿಗೇ ಗೊತ್ತು. ಆ ಹೊತ್ತಿನಲ್ಲಿ ಪಕ್ಕದವರು ಕೆಮ್ಮುವುದೂ ಇಲ್ಲ.

ನಾನು ಅಪ್ಪನ ಹುಬ್ಬು ನೋಡುತ್ತಿದ್ದೆ. ಒಂದು ಹುಬ್ಬು ರುಮಾಲಿನ ಒಳಗೆ ಹೋಗಿ ಕಾಣದಾಯಿತು. ಬೆಲೆ ಏರಿತು, ನನ್ನ ಹೊತ್ತು ಬಂತು ಎಂದುಕೊಂಡು ಎರಡು ಹೆಜ್ಜೆ ಮುಂದೆ ಬಂದೆ. ಟಗರಿನ ಕಡೆ ಬೆರಳು ಮಾಡಿ ಕಾಸ್ಟ್ಲಿ ಎಂದೆ. ಸ್ವಲ್ಪ ತಡೆದು ಎಕ್ಸ್‌ಪೆನ್ಸಿವ್ ಎಂದೆ. ಆಮೇಲೆ ಮಾಸ್ತರರ ಹಾಗೆ ಕಣ್ಣು ಮುಚ್ಚಿ, ಭಾಲ್ಕಿಯ ಆ ತುದಿಗೆ ಕೇಳುವಂತೆ, ಎಕ್ಸಾರ್ಬಿಟೆಂಟ್ ಎಂದೆ.

ಟವೆಲಿನ ಕೆಳಗೆ ಕೈ ನಿಂತವು. ಮುದುಕ ನನ್ನ ಎಣ್ಣೆ ಹಚ್ಚಿ ಬಾಚಿದ ತಲೆ, ಜೇಬಿನ ಮೇಲಿನ ಮಸಿ ಕಲೆ, ಚಪ್ಪಲಿ ಎಲ್ಲ ನೋಡಿದ.

'ಯಾರ ಮಗರಿ ಇಂವ?'

'ನನ್ನ ಮಗನೇರಿ.'

'ಇಂಗ್ಲಿಷ್ ಓದಸ್ಲತ್ತೀರಿ?'

'ಬೀದರದಾಗ ಓದ್ತಾನರಿ,' ಎಂದ ಅಪ್ಪ. ದನಿಯಲ್ಲಿ ಸ್ವಲ್ಪ ಹೆಮ್ಮೆ ಇಣುಕಿತು. ಅದೇ ತಪ್ಪಾಯಿತು.

'ಮಗನಿಗಿ ಇಂಗ್ಲಿಷ್ ಓದಸೋ ಸಾವಕಾರರು ನೀವು. ನನ್ನ ಮುಂದ ಯಾಕ ಬಡವರ ವ್ಯಾಷ ಹಾಕ್ತೀರಿ?'

ಮುದುಕ ಮತ್ತೆ ಬೆರಳು ಒತ್ತಿದ. ಈ ಸಲ ಅಪ್ಪನ ಎರಡೂ ಹುಬ್ಬು ಕಾಣೆಯಾದವು. ಕೈ ಹಿಂದಕ್ಕೆ ಎಳೆದುಕೊಂಡು, ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ. ಟಗರು ನಮ್ಮನ್ನು ಬೀಳ್ಕೊಡಲು ತಲೆ ಕೂಡ ಎತ್ತಲಿಲ್ಲ.

ಬೇವಿನ ಮರದ ತನಕ ಅಪ್ಪ ಹಿಂದೆ ತಿರುಗದೆ ನಡೆದ. ಸಾಲೆ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು. ಕಣ್ಣಲ್ಲಿ ನೀರು ಬಂತು. ಧೂಳು ಎಂದುಕೊಂಡು ಒರೆಸಿಕೊಂಡೆ. ಮರಿಗಳ ಪೈಕಿ ಒಂದು ನನ್ನ ಅಂಗಿಯ ಚುಂಗು ತಿನ್ನಲು ಶುರು ಮಾಡಿತ್ತು. ಇನ್ನು ಜೀವನವಿಡೀ ಇದೇ ಗೆಳೆತನ ಎಂದು ಸುಮ್ಮನೆ ಬಿಟ್ಟೆ.

ನಮ್ಮ ಮರಿ ಕೇಳಲು ಬಂದ ಇಬ್ಬರು ಟವೆಲಿನ ಕೆಳಗೆ ಏನು ಒತ್ತಿದರೋ, ಅಪ್ಪ ಚೇಳು ಕಡಿದವನ ಹಾಗೆ ಕೈ ತೆಗೆದ. ಮೂರನೆಯವನು ದೂರದಲ್ಲಿ ಬರುವುದು ಕಂಡಿತು. ಅಪ್ಪ ತಂಬಾಕು ಉಗುಳಿದ.

'ಲೇ, ಮರಿ ಬಾಜೂಕ ನಿಂದ್ರು. ಅಂವ ಬಂದ ಕೂಡ್ಲೆ ಆಗ ಏನ್ ಒದರಿದಿ, ಅದೇ ಒದರು.'

'ಅಪ್ಪಾ, ಅದು ಭಾಳ ತುಟ್ಟಿ ಅಂತ ಅರ್ಥ. ನಮ್ಮ ಮಾಲಿಗಿ ನಾವೇ ಹ್ಯಾಂಗ ಅನಬೇಕು?'

'ಅರ್ಥ ಯಾರು ಕೇಳ್ಯಾರ?'

ತನ್ನ ಮನೆಯ ಮರಿಗಳನ್ನು ತಾನೇ ತುಟ್ಟಿ ಎಂದು ಸಂತೆಗೆಲ್ಲ ಸಾರಿ ಮಾರಿದವನು ಭಾಲ್ಕಿಯಲ್ಲಿ ನನ್ನ ಹೊರತು ಯಾರೂ ಇರಲಿಕ್ಕಿಲ್ಲ. ಮೂರೂ ಮಾತನ್ನು ಹಿಂದೆ ಮುಂದೆ ಮಾಡಿ, ನಡುನಡುವೆ ವೆರಿ ವೆರಿ ಸೇರಿಸಿ, ಮಂತ್ರದ ಹಾಗೆ ಹೇಳಿದೆ. ಬಂದವನೂ ಮುದುಕ ಕೇಳಿದ್ದನ್ನೇ ಕೇಳಿದ. ಅಪ್ಪ ಈ ಸಲ ಆಕಾಶ ನೋಡುತ್ತ ಉತ್ತರ ಕೊಟ್ಟ.

'ನನ್ನ ಮಗರಿ. ಬೀದರದಾಗ ಇಂಗ್ಲಿಷ್ ಓದ್ಲತ್ತಾನ. ಮರಿ ಮಾರಲೇಬೇಕು ಅಂತ ಗರಜ ನಮಗೇನಿಲ್ಲರಿ. ಸುಮ್ನ ತಂದೇವಿ.'

ಟವೆಲಿನ ಕೆಳಗೆ ಬಹಳ ಹೊತ್ತು ಗುದ್ದಾಟ ನಡೆಯಿತು. ಅಪ್ಪನ ಹುಬ್ಬು ಸ್ವಸ್ಥಾನಕ್ಕೆ ಬಂದವು. ಮರಿ ಹೋದವು, ನನ್ನ ಚುಂಗಿನ ಸಮೇತ.

ಹಲಬರ್ಗಾದ ದಾರಿಯಲ್ಲಿ ಅಪ್ಪ ತೀರ್ಪು ಹೇಳಿದ. ಸಾಲೆಗೆ ಹೋಗಬಹುದು. ಆದರೆ ಮಾರುವ ಸಂತೆಗೆಲ್ಲ ಬೀದರಿನಿಂದ ಬರಬೇಕು. ಕೊಳ್ಳುವ ಸಂತೆ ಇದ್ದ ದಿನ ಭಾಲ್ಕಿ ಕಡೆ ಮುಖ ಮಾಡಿ ಮಲಗಲೂ ಬಾರದು.

ಅಂದಿನಿಂದ ಸಾಲೆ ತಪ್ಪಬಾರದೆಂದು ನಾನು ಆಗಾಗ ಸಾಲೆ ತಪ್ಪಿಸುತ್ತೇನೆ. ಕುರಿಗಳ ಹಿಂದೆ ಈಗ ಅಪ್ಪನೇ ಹೋಗುತ್ತಾನೆ. ಮೊಣಕಾಲು ನೋವು ಎಂದು ಅವ್ವನ ಮುಂದೆ ಅನ್ನುತ್ತಾನಂತೆ. ನನ್ನ ಮುಂದೆ ಇದುವರೆಗೆ ಅಂದಿಲ್ಲ.