ತುಂಬಿದಂತೆ ತೋರಿಸಬೇಕಿದ್ದ ಕಟ್ಟಡ

ಊರಿನ ಅಂಚಿನಲ್ಲಿದ್ದ ಆ ನಾಲ್ಕು ಮಹಡಿಯ ಆಫೀಸು ಕಟ್ಟಡಕ್ಕೆ ಮಾಲೀಕರು ಬೇರೆಯೇ ಇದ್ದರು. ಆದರೆ ‘ನಮ್ಮ ಬಿಲ್ಡಿಂಗು’ ಎಂದು ಎದೆಯುಬ್ಬಿಸಿ ಓಡಾಡುತ್ತಿದ್ದವನು ಬೀಗದಣ್ಣ ಒಬ್ಬನೇ. ಇಪ್ಪತ್ತೆರಡು ವರ್ಷದಿಂದ ಅದರ ಉಸ್ತುವಾರಿ ಅವನದು. ಬಾಡಿಗೆಗೆ ಬಂದವರಿಗೆ ಜಾಗ ತೋರಿಸುವುದೂ ಅವನೇ. ಬಂದವರಿಗೆ ಬಾಯಿ ತೆರೆಯಲು ಬಿಡುವ ಅಭ್ಯಾಸ ಮಾತ್ರ ಅವನಿಗಿರಲಿಲ್ಲ.

ಮೊದಲೆಲ್ಲ ಅವನ ಈ ಧಾಟಿ ನಡೆಯುತ್ತಿತ್ತು. ಊರ ನಡುವಿನ ಹಳೇ ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ, ಮೂಗು ಮುಚ್ಚದೆ ನಡೆಯುವಂತಿರಲಿಲ್ಲ. ಕಂಪನಿಗಳು ಗಂಟುಮೂಟೆ ಕಟ್ಟಿಕೊಂಡು ಊರಾಚೆಗೇ ಬರುತ್ತಿದ್ದವು. ಮೂರು ವರ್ಷದ ಕೆಳಗೆ ನಗರಸಭೆಗೆ ಅದೇನು ಹುಮ್ಮಸ್ಸು ಬಂತೋ, ಪೇಟೆಯ ಚಹರೆಯನ್ನೇ ಬದಲಿಸಿಬಿಟ್ಟಿತು. ಅಗಲವಾದ ಫುಟ್‌ಪಾತು, ಮರಗಳು, ಬೆಂಚುಗಳು, ಬೀದಿಯಲ್ಲೇ ಹಾಡುವವರು, ಐದು ನಿಮಿಷಕ್ಕೊಂದು ಬಸ್ಸು. ಕಂಪನಿಗಳು ಒಂದೊಂದಾಗಿ ಅಲ್ಲಿಗೇ ಕಾಲ್ಕಿತ್ತವು. ಬೀಗದಣ್ಣನ ಪಾಲಿಗೆ ಉಳಿದದ್ದು ನೆಲಮಹಡಿಯ ಒಬ್ಬ ವಕೀಲರು.

"ಈ ತಿಂಗಳೊಳಗೆ ಒಂದು ಮಹಡಿನಾದ್ರೂ ಬಾಡಿಗೆಗೆ ಹೋಗ್ಲಿಲ್ಲ ಅಂದ್ರೆ ಬಿಲ್ಡಿಂಗು ಮುಚ್ಚಿಬಿಡ್ತೀನಿ. ನೀನೂ ಮನೇಗೆ ಹೋಗು," ಎಂದರು ಮಾಲೀಕರು. ಐವತ್ತೆಂಟನೇ ವಯಸ್ಸಿನಲ್ಲಿ ಬೀಗದಣ್ಣನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ತಿಂಗಳ ಕೊನೆಯ ವಾರ ಒಬ್ಬ ಮೇಡಂ ಎರಡನೇ ಮಹಡಿ ನೋಡಲು ಬರುತ್ತೇನೆಂದು ಫೋನ್ ಮಾಡಿದರು. ಬಣಗುಡುವ ಕಟ್ಟಡ ಕಂಡರೆ ಯಾರು ತಾನೇ ನಿಲ್ಲುತ್ತಾರೆ ಎಂದು ಬೀಗದಣ್ಣ ಹೆಂಡತಿ, ಅತ್ತೆ, ಬಾಮೈದ ಮೂವರನ್ನೂ ಎಳೆದು ತಂದ. ಬಾಮೈದ ಫೈಲು ಹಿಡಿದು ಮೆಟ್ಟಿಲು ಹತ್ತಿಳಿಯಬೇಕು. ಹೆಂಡತಿ ಫೋನಿನಲ್ಲಿ ಯಾರನ್ನೋ ಗದರಬೇಕು. ಅದಕ್ಕೆ ಅವಳಿಗೆ ಅಭ್ಯಾಸ ಬೇಕಿರಲಿಲ್ಲ. ಅತ್ತೆ ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗಿಬರುತ್ತಿರಬೇಕು.

"ನೋಡಿ ಮೇಡಂ, ಒಂದು ನಿಮಿಷ ಪುರುಸೊತ್ತಿಲ್ಲ ಇಲ್ಲಿ! ಎಲ್ಲಿ ನೋಡಿದ್ರೂ ಜನ!" ಎಂದು ಬೀಗದಣ್ಣ ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಮೇಡಂ ಕಿಟಕಿಯ ಬಳಿ ನಿಂತು ಕಿವಿಗೊಟ್ಟರು. ಮೆಟ್ಟಿಲ ಮೇಲೆ ದಡದಡ ಸದ್ದು, ಕಾರಿಡಾರಿನಲ್ಲಿ ಹೆಂಡತಿಯ ಗಂಟಲು. ಅವರ ಮುಖ ಬಾಡಿತು.

"ಜಾಗ ಚೆನ್ನಾಗಿದೆ, ಆದ್ರೆ ನಮಗಾಗಲ್ಲ ಬಿಡಿ. ನಾವು ಕಣ್ಣು ಕಾಣದವ್ರಿಗೆ ಪುಸ್ತಕ ಓದಿ ರೆಕಾರ್ಡ್ ಮಾಡೋರು. ಪೇಟೇಲಿ ಗಲಾಟೆ ತಡೀಲಾರದೆ ಇಲ್ಲಿಗೆ ಬಂದ್ರೆ, ಇಲ್ಲೂ ಅದೇ ಸಂತೆ!"

ನಿಜ ಹೇಳಿದರೆ ಬೀಗದಣ್ಣನ ಮಾನ ಹೋಗುತ್ತದೆ, ಹೇಳದಿದ್ದರೆ ಕೆಲಸ ಹೋಗುತ್ತದೆ. ಅಷ್ಟರಲ್ಲಿ ಮೇಡಂ ಲಿಫ್ಟಿನ ಗುಂಡಿ ಒತ್ತಿಯೂ ಆಗಿತ್ತು. ಬಾಗಿಲು ತೆರೆಯಿತು. ಒಳಗೆ ಅತ್ತೆ ಗೋಡೆ ಹಿಡಿದು ನಿಂತಿದ್ದರು.

"ಅಳಿಯಂದ್ರೇ, ಇನ್ನೂ ಎಷ್ಟು ಸಲ ಹೋಗ್ಬರ್ಬೇಕು? ತಲೆ ಗಿರ್ ಅಂತಿದೆ."

ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. "ಮೇಡಂ, ಇವರು ನಮ್ಮತ್ತೆ. ಅಲ್ಲಿ ಕೂಗಾಡ್ತಿರೋಳು ನನ್ನ ಹೆಂಡ್ತಿ. ಮೆಟ್ಟಿಲ ಮೇಲಿರೋನು ಬಾಮೈದ. ಕೆಳಗಡೆ ವಕೀಲ್ರನ್ನ ಬಿಟ್ರೆ ಇಡೀ ಬಿಲ್ಡಿಂಗಲ್ಲಿ ಒಂದು ನರಪಿಳ್ಳೆ ಇಲ್ಲ."

ಮೇಡಂ ಹೊಟ್ಟೆ ಹಿಡಿದು ನಕ್ಕರು. "ಮೊದಲು ಇವರನ್ನೆಲ್ಲ ಮನೇಗೆ ಕಳಿಸಿ," ಎಂದರು. ಮೂವರೂ ಹೋದ ಮೇಲೆ ಅದೇ ಕಿಟಕಿಯ ಬಳಿ ಐದು ನಿಮಿಷ ಕಣ್ಣು ಮುಚ್ಚಿ ನಿಂತರು. ಬೀಗದಣ್ಣ ಜೀವಮಾನದಲ್ಲಿ ಮೊದಲ ಸಲ ಗಿರಾಕಿಯ ಮುಂದೆ ಬಾಯಿ ಮುಚ್ಚಿಕೊಂಡಿದ್ದ.

"ಮೂರು ವರ್ಷಕ್ಕೆ ಬರ್ಕೊಡಿ. ಆದ್ರೆ ಮೇಲಿನ ಮಹಡಿ, ಕೆಳಗಿನ ಮಹಡಿ ಯಾರಿಗೂ ಕೊಡ್ಬಾರ್ದು. ಅವಕ್ಕೂ ಅರ್ಧ ಬಾಡಿಗೆ ಕೊಡ್ತೀವಿ."

ಮಾಲೀಕರು ಮರುಮಾತಾಡದೆ ಒಪ್ಪಿದರು. ಆ ದಿನ ಬೀಗದಣ್ಣನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮುಂದಿನ ತಿಂಗಳು ಯಾರೋ ಫೋನ್ ಮಾಡಿ, ಮೊದಲನೇ ಮಹಡಿ ಸಿಗುತ್ತದೆಯೇ ಎಂದು ಕೇಳಿದರು. ಬೀಗದಣ್ಣ ಖಾಲಿ ಮೆಟ್ಟಿಲುಗಳತ್ತ ಒಮ್ಮೆ ನೋಡಿದ. ಮೇಲೆ ರೆಕಾರ್ಡಿಂಗ್ ನಡೆಯುತ್ತಿತ್ತು.

"ಇಲ್ಲ ಸ್ವಾಮಿ, ಬಿಲ್ಡಿಂಗು ಫುಲ್ಲು," ಎಂದು ಪಿಸುಗುಟ್ಟಿದ.