ಕ್ಯಾಂಟೀನ್ ಹಿಂದಿನ ಗುಂಡಿ

ರಸಗೊಬ್ಬರದ ಕಾರ್ಖಾನೆಯ ಆಫೀಸಿನ ಮುಂದೆ ಒಂದು ಗುಲಾಬಿ ತೋಟವಿತ್ತು. ರೈತರನ್ನು ಬಸ್ಸಿನಲ್ಲಿ ಕರೆತಂದು ಕಾರ್ಖಾನೆ ತೋರಿಸುವ ದಿನ ಮೊದಲು ಇಳಿಸುತ್ತಿದ್ದುದು ಅಲ್ಲೇ. ಅಂಗೈಯಗಲದ ಹೂಗಳನ್ನು ಕಂಡು ಅವರು ನಿಂತುಬಿಟ್ಟಾಗ ಮ್ಯಾನೇಜರು ಮಾಲಿಯ ಕಡೆ ತಿರುಗಿ, "ಏನು ಹಾಕ್ತೀಯಪ್ಪ ಇದಕ್ಕೆ?" ಎನ್ನುತ್ತಿದ್ದರು.

"ನಮ್ಮ ಕಾರ್ಖಾನೆ ಚೀಲದ್ದೇ ಸಾರ್."

ಹನ್ನೊಂದು ವರ್ಷ ಮಾಲಿ ಇದನ್ನೇ ಹೇಳಿದ. ಹೇಳಿದ್ದು ಶುದ್ಧ ಸುಳ್ಳು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಚೀಲದ ಗೊಬ್ಬರವನ್ನೇ ಹಾಕಿದ್ದ. ಕಟ್ಟಡ ಕಟ್ಟಿ ಉಳಿದ ಜಲ್ಲಿ, ಗಾರೆ ತುಂಬಿದ್ದ ನೆಲ ಅದು. ಗಿಡಗಳು ಒಂದು ತಿಂಗಳು ಕಣ್ಣು ಕುಕ್ಕುವ ಹಸಿರಾಗಿ ನಿಂತವು; ಆಮೇಲೆ ಎಲೆಯಂಚು ಸುಟ್ಟಂತಾಗಿ ಒಂದೊಂದೇ ಸೊರಗಿದವು. ಮಾಲಿ ಕ್ಯಾಂಟೀನಿನ ಅಡುಗೆಯಾಕೆಯ ಹತ್ತಿರ ಹೋಗಿ ತರಕಾರಿ ಸಿಪ್ಪೆ ಕೇಳಿದ. "ತಗೊಂಡು ಹೋಗಣ್ಣ, ಆ ಡಬ್ಬ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ" ಎಂದಳು ಆಕೆ. ಕ್ಯಾಂಟೀನಿನ ಹಿಂದೆ ಗುಂಡಿ ತೋಡಿ, ಸಿಪ್ಪೆ, ಚಹಾದ ಚರಟ, ಮೊಟ್ಟೆಯೋಡು, ಕಾಂಪೌಂಡಿನ ತರಗೆಲೆ ಎಲ್ಲವನ್ನೂ ಪದರ ಪದರವಾಗಿ ಹಾಕಿ ಗೋಣಿ ಹೊದಿಸಿದ. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕುವಾಗ ಒಳಗೆ ಕೈಯಿಟ್ಟು ನೋಡುತ್ತಿದ್ದ. ಜ್ವರ ಬಂದವರ ಹಣೆಯಂತೆ ಬೆಚ್ಚಗಿರಬೇಕು. ನಾಲ್ಕು ತಿಂಗಳಿಗೆ ಕಪ್ಪಗೆ ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿತ್ತು. ಅವನಿಗೆ ಕಸದಣ್ಣ ಎಂದು ಹೆಸರು ಬಿತ್ತು. ತೋಟಕ್ಕೆ ಅವನು ಏನು ಹಾಕುತ್ತಾನೆಂಬುದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರು ಕಂಡೂ ಕಾಣದಂತಿದ್ದರು. ಹೂ ಬಿಡುತ್ತಿತ್ತಲ್ಲ, ಅಷ್ಟು ಸಾಕಿತ್ತು.

ಹನ್ನೊಂದನೆಯ ವರ್ಷ ಬಂದ ಬಸ್ಸಿನಲ್ಲಿ ನಡುವಯಸ್ಸಿನ ಒಬ್ಬ ರೈತ ಹೆಂಗಸಿದ್ದಳು. ಉಳಿದವರೆಲ್ಲ ಊಟಕ್ಕೆ ಹೋದ ಮೇಲೂ ಆಕೆ ತೋಟದಲ್ಲೇ ಉಳಿದಳು. ಕೂತು ಒಂದು ಹಿಡಿ ಮಣ್ಣೆತ್ತಿ ಮೂಸಿದಳು.

"ಮೂರು ವರ್ಷದ ಹಿಂದೆನೂ ಬಂದಿದ್ದೆ ಅಣ್ಣ. ಚೀಲದ್ದೇ ಹಾಕ್ತೀನಿ ಅಂತ ನೀವೇ ಅಂದ್ರಿ. ನಾನೇ ಕಮ್ಮಿ ಹಾಕ್ತಿದೀನೇನೋ ಅಂದ್ಕೊಂಡು ಜಾಸ್ತಿ ಮಾಡ್ದೆ. ಈಗ ನನ್ನ ಹೊಲ ಇಟ್ಟಿಗೆ ಆಗಿದೆ. ಗುದ್ದಲಿ ಹಾಕಿದ್ರೆ ಠಣ್ ಅನ್ನುತ್ತೆ. ನಿಮ್ಮ ಮಣ್ಣು ಹೀಗ್ಯಾಕಿದೆ?"

ಮಾಲಿ ಆಕೆಯ ಕೈಯಲ್ಲಿದ್ದ ಮಣ್ಣನ್ನು ನೋಡಿದ. ಇಷ್ಟು ವರ್ಷ ತನ್ನ ಮಾತನ್ನು ಮ್ಯಾನೇಜರಿಗೆ ಹೊಡೆಯುವ ಸಲಾಮಿನಂತೆ ಭಾವಿಸಿದ್ದ. ಅದನ್ನು ನಂಬಿ ಯಾರೋ ಹೊಲಕ್ಕೆ ಹೋಗಿ ಏನೋ ಮಾಡುತ್ತಾರೆಂದು ಅವನಿಗೆ ಹೊಳೆದಿರಲೇ ಇಲ್ಲ.

"ಬಾ ತಾಯಿ," ಎಂದು ಆಕೆಯನ್ನು ಕ್ಯಾಂಟೀನಿನ ಹಿಂದಕ್ಕೆ ಕರೆದೊಯ್ದ. ಗೋಣಿ ಸರಿಸಿ ತೋರಿಸಿದ. ಮಾಡುವ ಬಗೆ ಹೇಳಿಕೊಟ್ಟ.

ಸಂಜೆ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದವನು ಪಕ್ಕದ ಮನೆಯಲ್ಲೇ ಇದ್ದ ತನ್ನ ಒಡಹುಟ್ಟಿದ ತಮ್ಮನಿಗೆ ಇದನ್ನೆಲ್ಲ ಹೇಳಿದ. ಚೀಲ ತುಂಬುವ ವಿಭಾಗದಲ್ಲಿದ್ದ ಆ ತಮ್ಮನೇ ಅವನಿಗೆ ಮಾಲಿ ಕೆಲಸ ಕೊಡಿಸಿದ್ದು. ಬೆಳೆಸಿದ ಅಣ್ಣನೆಂದು ಅವನಿಗೆ ಎದುರಾಡಿದವನಲ್ಲ. ಅವತ್ತೂ ತಲೆಯಾಡಿಸುತ್ತ ಕೇಳಿದ. ಬೆಳಗ್ಗೆ ನೇರವಾಗಿ ಹೋಗಿ, ಅಣ್ಣ ರೈತ ಹೆಂಗಸಿಗೆ ಗುಂಡಿ ತೋರಿಸಿದ್ದನ್ನು ಮ್ಯಾನೇಜರ ಕಿವಿಗೆ ಹಾಕಿದ.

ಮ್ಯಾನೇಜರು ಮಾಲಿಯನ್ನು ಕರೆಸಿದರು; ಬೈಯಲಿಲ್ಲ. ಕುರ್ಚಿ ತೋರಿಸಿ ಕೂರಿಸಿದರು. "ನಾಳೆಯಿಂದ ಆ ಗುಂಡಿ ಬೇಡಪ್ಪ."

"ಗಿಡ ಸಾಯ್ತವೆ ಸಾರ್."

"ಸತ್ರೆ ಹೊಸದು ತರಿಸೋಣ."

ಎರಡೇ ದಿನದಲ್ಲಿ ಗುಂಡಿ ಮುಚ್ಚಿ ಸಿಮೆಂಟು ಬಳಿದು ಸ್ಕೂಟರ್ ನಿಲ್ಲಿಸುವ ಜಾಗ ಮಾಡಿದರು. ಕ್ಯಾಂಟೀನಿನ ಸಿಪ್ಪೆ ಪ್ಲಾಸ್ಟಿಕ್ಕಿನ ಜೊತೆ ಲಾರಿಗೆ ಹೋಗತೊಡಗಿತು. ಮಾಲಿಯನ್ನು ಗೇಟಿಗೆ ಹಾಕಿದರು. ಲಾರಿ ಬಂದರೆ ಅಡ್ಡಗಂಬ ಎತ್ತುವುದು, ಹೋದರೆ ಇಳಿಸುವುದು. ಮುಂದಿನ ವರ್ಷಕ್ಕೆ ಗುಲಾಬಿಗಳು ಒಣಗಿದವು. ಬಸ್ಸು ಬರುವ ಮುನ್ನ ನರ್ಸರಿಯಿಂದ ಹೂ ಬಿಟ್ಟ ಗಿಡಗಳನ್ನು ತರಿಸಿ ಕುಂಡದ ಸಮೇತ ಹೂತರು.

ತಮ್ಮನಿಗೆ ಸೂಪರ್‌ವೈಸರ್ ಆಗಿ ಬಡ್ತಿ ಸಿಕ್ಕಿತು.

"ಹೆಂಗೋ ಕೆಲಸದಲ್ಲಿ ಉಳಿಸಿದೆನಲ್ಲ ಅಣ್ಣ. ಬೇರೆಯವರ ಬಾಯಿಂದ ಗೊತ್ತಾಗಿದ್ರೆ ಇಬ್ಬರನ್ನೂ ಮನೆಗೆ ಕಳಿಸೋರು."

ಮಾಲಿಯ ಹೆಂಡತಿ, "ನಿನ್ನ ಉಪಕಾರ ಸಾಕು ಮೈದುನಪ್ಪ" ಎಂದು ಎದ್ದು ಹೋದಳು. ಅಂದಿನಿಂದ ಓರಗಿತ್ತಿಯರು ನಲ್ಲಿಯ ಬಳಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಾಲಿ ಹಿತ್ತಲಲ್ಲಿ ಒಂದು ಹಳೆಯ ಡ್ರಮ್ಮಿಟ್ಟು ಸಿಪ್ಪೆ ಹಾಕತೊಡಗಿದ. ತಮ್ಮನ ಹೆಂಡತಿ ನಾತವೆಂದು ದೂರು ಕೊಟ್ಟಳು. ನಾತ ಒಂದಿಷ್ಟೂ ಇರಲಿಲ್ಲ. ಕ್ವಾರ್ಟರ್ಸಿನವರು ಬಂದು ಡ್ರಮ್ಮು ತೆಗೆಸಿದರು.

ಎರಡು ವರ್ಷ ಕಳೆದವು. ಒಂದು ಮಧ್ಯಾಹ್ನ ಚೀಲ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರೊಂದು ಗೇಟಿನಲ್ಲಿ ನಿಂತಿತು. ಚೀಲಗಳ ಮೇಲೆ ಆ ರೈತ ಹೆಂಗಸು ಕೂತಿದ್ದಳು. ಮಾಲಿ ಗುರುತು ಹಿಡಿದು ಹತ್ತಿರ ಹೋದ.

"ಮಾಡಲಿಲ್ವೇನಮ್ಮ?"

"ಮಾಡ್ದೆ. ಒಂದು ವರ್ಷ ಚೀಲ ಮುಟ್ಟಲಿಲ್ಲ. ಬೆಳೆ ಅರ್ಧಕ್ಕೆ ಇಳೀತು. ಮನೆಯವರು ಗುಂಡಿ ಮುಚ್ಚಿಬಿಟ್ರು."

"ಸತ್ತ ನೆಲ ತಾಯಿ. ಎದ್ದೇಳೋಕೆ ಮೂರು ವರ್ಷನಾದ್ರೂ ಬೇಕು. ಚೀಲ ಒಂದೇ ಸಲಕ್ಕೆ ಬಿಡಬಾರದು, ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬರಬೇಕಿತ್ತು."

"ಅವತ್ತು ಅದನ್ನ ಹೇಳಲಿಲ್ಲ ನೀವು."

ಹೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ತೋಟ, ಹೊಲವಲ್ಲ. ಹೊಲದ ಲೆಕ್ಕ ತಲೆಗೆ ಬಂದದ್ದೇ ಗೇಟಿನಲ್ಲಿ ಕೂತು ಯೋಚಿಸಿದ ಮೇಲೆ.

"ಮೊದಲನೇ ಸಲ ಬಂದಾಗಲೇ ನಿಜ ಹೇಳಿದ್ರೆ," ಎಂದಳು ಆಕೆ, ಸಿಟ್ಟಿಲ್ಲದೆ, "ನನ್ನ ನೆಲದಲ್ಲಿ ಇನ್ನೂ ಒಂಚೂರು ಜೀವ ಇತ್ತು."

ಹಿಂದೆ ನಿಂತಿದ್ದ ಲಾರಿಯವನು ಹಾರ್ನ್ ಒತ್ತಿದ. ಮಾಲಿ ಹೋಗಿ ಕಂಬ ಎತ್ತಿದ.