ಶಂಖದ ಹೊತ್ತಿನ ಓಟ

ಸಮೋವಾದ ಹರ್ಡಲ್ಸ್ ಓಟದ ಚರಿತ್ರೆಯಲ್ಲಿ ಅಪೆಲು ಮೇಷ್ಟ್ರ ಹೆಸರು ಮೊದಲ ಸಾಲಿನಲ್ಲಿದೆ ಎಂಬುದನ್ನು ಅವರ ಶಿಷ್ಯರೆಲ್ಲ ಒಪ್ಪುತ್ತಾರೆ. ಅವರಷ್ಟು ತಲೆ ತಿನ್ನುವ ಮನುಷ್ಯ ಆ ದ್ವೀಪಗಳಲ್ಲಿ ಇನ್ನೊಬ್ಬರಿಲ್ಲ ಎಂಬುದನ್ನೂ ಅಷ್ಟೇ ಒಮ್ಮತದಿಂದ ಒಪ್ಪುತ್ತಾರೆ. ಸವಾಯಿ ದ್ವೀಪದ ಕಡಲತಡಿಯ ಶಾಲೆಯಲ್ಲಿ ಮೂರು ದಶಕ ದುಡಿದು ಅವರು ನಿವೃತ್ತರಾಗಿರುವ ಈ ಸಂದರ್ಭದಲ್ಲಿ, ಎರಡನೆಯ ಮಾತಿಗೆ ಸಾಕ್ಷಿ ಬೇಕಾದವರು ಅವರ ಚಾಂಪಿಯನ್ ಶಿಷ್ಯೆ ಫಿಪೆಯನ್ನು ಕೇಳಬಹುದು.

ಫಿಪೆಯ ಕಾಲುಗಳಲ್ಲಿ ದೋಷವಿರಲಿಲ್ಲ, ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಪಕ್ಕದ ಸಾಲಿನವಳು ಕೆಮ್ಮಿದರೂ ಇವಳ ಹೆಜ್ಜೆ ತಪ್ಪುತ್ತಿತ್ತು. ಅದಕ್ಕೆ ಮೇಷ್ಟ್ರು ಕಂಡುಕೊಂಡ ಮದ್ದು ಸಂಜೆಯ ಶಂಖ. ಪ್ರಾರ್ಥನೆಯ ಶಂಖ ಊದಿದರೆ ಊರೇ ಇದ್ದಲ್ಲಿ ಕೂರಬೇಕು. ತಪ್ಪಿದ ಮನೆಗೆ ಊರ ಹಿರಿಯರು ಒಂದು ಹಂದಿಯ ದಂಡ ಹಾಕುತ್ತಾರೆ, ಅದನ್ನು ವಸೂಲು ಮಾಡುವ ಹೊಣೆ ಸ್ವತಃ ಮೇಷ್ಟ್ರದು. ಇಂಥವರು ಬೇಕೆಂದೇ ಅಭ್ಯಾಸವನ್ನು ಆ ಹೊತ್ತಿಗೇ ಇಡುತ್ತಿದ್ದರು. ಮೈ ಬಿಸಿಯೇರಿ ಓಟ ಕುದುರುವಷ್ಟರಲ್ಲಿ ಶಂಖ ಕೂಗುತ್ತಿತ್ತು. ಅಲ್ಲೇ ಹುಲ್ಲಿನ ಮೇಲೆ ಕಣ್ಣು ಮುಚ್ಚಿ ಕೂತು, ಸೊಳ್ಳೆಗಳಿಗೆ ಕಾಲು ಒಪ್ಪಿಸಿ, ಪ್ರಾರ್ಥನೆ ಮುಗಿದ ಮೇಲೆ ಎದ್ದು ಮತ್ತೆ ಮೊದಲಿನಿಂದ ಓಡಬೇಕು. ಕಣ್ಣು ಅರೆತೆರೆದರೂ ಅವರಿಗೆ ಗೊತ್ತಾಗಿ ಬೈಗುಳ ಶುರುವಾಗುತ್ತಿತ್ತು. ಅರ್ಧ ಗಂಟೆ ಮುಂಚೆ ಬರುತ್ತೇನೆಂದು ಅವಳು ಗೋಗರೆದದ್ದಕ್ಕೆ ಲೆಕ್ಕವಿಲ್ಲ. ಮನೆಗೆ ಹೊರಟಾಗ ಮೇಷ್ಟ್ರು ಸುಟ್ಟ ಗೆಡ್ಡೆಯನ್ನು ಎಲೆಯಲ್ಲಿ ಕಟ್ಟಿಕೊಡುತ್ತಿದ್ದರೆಂಬುದನ್ನೂ ಇಲ್ಲಿ ಹೇಳಬೇಕು, ಕೊಡುವಾಗಲೂ ಬೈಯುತ್ತಿದ್ದರು.

ದ್ವೀಪಗಳ ಕ್ರೀಡಾಕೂಟದ ಅಂತಿಮ ಓಟ ಆಚೆ ದ್ವೀಪದ ರಾಜಧಾನಿ ಅಪಿಯಾದಲ್ಲಿ, ಸರಿಯಾಗಿ ಪ್ರಾರ್ಥನೆಯ ಹೊತ್ತಿಗೆ ಬಿತ್ತು. ಮೇಷ್ಟ್ರು ಬರುವುದಿಲ್ಲವೆಂದರು.

"ಶಂಖದ ಹೊತ್ತಲ್ಲಿ ನಾನು ಊರಲ್ಲಿರ್ಬೇಕು ಕಣೇ. ಓಡೋದು ನೀನು, ನಾನಲ್ಲ."

ಫಿಪೆ ಸಿಟ್ಟಾದಳು. ಇಷ್ಟು ವರ್ಷ ಕಾಡಿದವರು ಈ ಒಂದು ದಿನ ಜೊತೆಗಿರಬಾರದೇ? ಗೆದ್ದರೂ ಸೋತರೂ ಇನ್ನು ಈ ಮನುಷ್ಯನ ಸಹವಾಸ ಸಾಕೆಂದು ನಿಶ್ಚಯಿಸಿಯೇ ಹಡಗು ಹತ್ತಿದಳು.

ಅಂದು ಓಟ ಆರಂಭಿಸುವ ಪಿಸ್ತೂಲು ಕೈಕೊಟ್ಟು, ಹೊರಟವರನ್ನು ಎರಡೆರಡು ಸಲ ವಾಪಸು ಕರೆದರು. ಉಳಿದವರು ಕೂಗಾಡಿದರು, ಒಬ್ಬಳು ಅತ್ತೇಬಿಟ್ಟಳು. ಫಿಪೆ ರೂಢಿಯಂತೆ ಕೂತು ಕಣ್ಣು ಮುಚ್ಚಿಕೊಂಡಳು. ಮೂರನೆಯ ಸಲ ಎದ್ದು, ಏನೂ ನಡೆದೇ ಇಲ್ಲವೆಂಬಂತೆ ಓಡಿ, ಕೂದಲೆಳೆಯ ಅಂತರದಲ್ಲಿ ಗೆದ್ದಳು.

ಮರುದಿನ ಪದಕ ಹಾಕಿಕೊಂಡು, ನಿಮ್ಮ ತರಬೇತಿ ಸಾಕು ಎಂದು ಹೇಳಲಿಕ್ಕೇ ಮೇಷ್ಟ್ರ ಮನೆಗೆ ಹೋದಳು. ಅವರು ಅಂಗಳದಲ್ಲೇ ಶುರುಮಾಡಿದರು.

"ಎಂಟನೇ ಹರ್ಡಲ್ ದಾಟ್ತಾ ಪಕ್ಕಕ್ಕೆ ಯಾಕೆ ನೋಡ್ದೆ?"

ನೋಡಿದ್ದು ನಿಜ. ಅಪ್ಪಿತಪ್ಪಿ ಬಂದಿರಬಹುದೇ ಎಂದು ಅವರನ್ನೇ ಹುಡುಕಿದ್ದಳು.

"ಕಣ್ಮುಚ್ಚಿ ಪ್ರಾರ್ಥನೆಗೆ ಕೂತಿರೋ ಹೊತ್ತಲ್ವಾ ಮೇಷ್ಟ್ರೇ, ನಿಮಗೆ ಹೇಗೆ ಗೊತ್ತಾಯ್ತು?"

ಮೇಷ್ಟ್ರು ಪೊರಕೆ ಎತ್ತಿಕೊಂಡು ಅಂಗಳ ಗುಡಿಸತೊಡಗಿದರು. ಒಳಗಿನಿಂದ ಅವರ ಪತ್ನಿ ಎಸೆತಾ ಹೇಳಿದರು: "ಟೀವಿ ಮುಂದೆ ಎದ್ದು ನಿಂತು ಊರಿಗೆಲ್ಲ ಕೇಳೋ ಹಾಗೆ ಕೂಗ್ತಿದ್ರಮ್ಮ. ಬೆಳಿಗ್ಗೆ ನಮ್ಮ ದೊಡ್ಡ ಹಂದೀನ ತಾವೇ ಎಳ್ಕೊಂಡು ಹೋಗಿ ದಂಡ ಕಟ್ಟಿ ಬಂದ್ರು."

ಹೇಳಲು ಬಂದ ಮಾತನ್ನು ಅಲ್ಲೇ ಬಿಟ್ಟು ಫಿಪೆ ಸಂಜೆ ಮಾಮೂಲಿನಂತೆ ಮೈದಾನಕ್ಕೆ ಹೋದಳು.

ಈಗ ಆ ಶಾಲೆಯಲ್ಲಿ ಓಟ ಕಲಿಸುವವಳು ಅವಳೇ. ನಿವೃತ್ತರಾದವರು ಮನೆಯಲ್ಲಿ ತೆಪ್ಪಗಿರದೆ ದಿನವೂ ಬಂದು, ಹರ್ಡಲ್ ಇಟ್ಟ ಅಂತರ ಸರಿಯಿಲ್ಲವೆಂದು ಅವಳ ಜೀವ ತಿನ್ನುತ್ತಿದ್ದಾರೆ. ದೇವರು ಅವರಿಗೆ ನೂರು ವರ್ಷ ಆಯುಸ್ಸು ಕೊಡಲಿ. ಕಾಟ ಕೊಡುವ ಕಸುವೂ ಕುಂದದಿರಲಿ. ಎಸೆತಾ ಅವರ ದೊಡ್ಡಿಯಲ್ಲಿ ಹಂದಿಗಳು ಹೆಚ್ಚಲಿ. ಫಿಪೆಯ ಶಿಷ್ಯರು ಓಡಲಿರುವ ಮುಂದಿನ ಕೂಟದ ಅಂತಿಮ ಓಟವೂ ಶಂಖದ ಹೊತ್ತಿಗೇ ಇದೆ.